ಚಿಕ್ಕಬಳ್ಳಾಪುರ ಸೀಮೆಯ ಹುಟ್ಟುಮನೆಗಳು

ನಾಡು ನೆನೆಯುವ ವ್ಯಕ್ತಿಯೊಬ್ಬರು ಹುಟ್ಟಿ ಬೆಳೆದ ಮನೆಯನ್ನು ಕೆಡವದೆ, ಬೀಗ ಜಡಿದು ಮರೆಯದೆ, ಬಂದವರು ನೋಡುವಂತೆ ಉಳಿಸಿಕೊಂಡರೆ ಅದು ಹುಟ್ಟುಮನೆ-ಸ್ಮಾರಕವಾಗುತ್ತದೆ. ಮನೆ ಉಳಿಯದೆ ಊರಷ್ಟೇ ಉಳಿದಿರುವುದೂ ಉಂಟು. ಆಗ ಊರಿನ ಕೆರೆ, ಶಾಲೆ, ದೇವಸ್ಥಾನ, ಹೊರಗೆ ಹೋಗುವ ದಾರಿ ಇವೇ ಆ ವ್ಯಕ್ತಿಯ ಬಾಲ್ಯಕ್ಕೆ ಸಾಕ್ಷಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ಎರಡು ಬಗೆಯ ನೆಲೆಗಳೂ ಇವೆ. ಈ ಪೈಕಿ ಹೆಚ್ಚು ಜನ ಹುಡುಕಿಕೊಂಡು ಹೋಗುವುದು ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೆ. ಮಿಕ್ಕವಕ್ಕೆ ಹೋಗುವವರು ಕಡಿಮೆ, ಆದರೆ ಅವುಗಳ ಕಥೆ ಕಡಿಮೆಯದಲ್ಲ.

ಮಕ್ಕಳ ಪ್ರೀತಿಯ ಲೇಖಕರ ಮನೆಗಳನ್ನು ಹುಡುಕಿಕೊಂಡು ಹೋಗುವ ರೂಢಿ ಅಮೆರಿಕದಲ್ಲಿ ಬಹಳ ಬೆಳೆದಿದೆ. ಲಾರಾ ಇಂಗಲ್ಸ್ ವೈಲ್ಡರ್ (1867-1957) ತಮ್ಮ ಬಾಲ್ಯವನ್ನು ಮಕ್ಕಳಿಗಾಗಿ ಕಥೆ ಮಾಡಿ ಬರೆದರು. ಮೊದಲ ಪುಸ್ತಕ 1932ರಲ್ಲಿ, ಅವರಿಗೆ 65 ವರ್ಷವಾಗಿದ್ದಾಗ ಬಂತು. ಅವರ ಕುಟುಂಬ ಗಾಡಿ ಕಟ್ಟಿಕೊಂಡು ಊರಿಂದೂರಿಗೆ ಹೋಗಿ ಹೊಸ ನೆಲದಲ್ಲಿ ಒಕ್ಕಲಾಗುತ್ತಿತ್ತು. 1862ರ ಕಾಯಿದೆಯ ಪ್ರಕಾರ ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಸಿಗುತ್ತಿತ್ತು. ಸೌತ್ ಡಕೋಟದ ಡಿ ಸ್ಮೆಟ್‌ನಲ್ಲಿ ಅವರ ತಂದೆ ಹಿಡಿದ ಜಮೀನಿಗೂ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ನಲ್ಲಿ ಲಾರಾ ಕೊನೆಯವರೆಗೆ ಬಾಳಿದ ತೋಟದ ಮನೆಗೂ ಇಂದಿಗೂ ಮಕ್ಕಳನ್ನು ಕರೆದುಕೊಂಡು ತಂದೆ ತಾಯಂದಿರು ಹೋಗುತ್ತಾರೆ. ಆ ನೆಲದಲ್ಲಿ ಮೊದಲೇ ಇದ್ದ ಮೂಲನಿವಾಸಿಗಳನ್ನು ತೆರವು ಮಾಡಿಸಿಯೇ ಅದನ್ನು ಒಕ್ಕಲಿಗರಿಗೆ ಹಂಚಿದ್ದು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬರೆದ ಕುವೆಂಪು (1904-1994) ಬೆಳೆದ ಚೌಕಿಮನೆ ಅಲ್ಲಿ 'ಕವಿಮನೆ'ಯಾಗಿ ಉಳಿದಿದೆ. ಮೇಲಿನ ಗುಡ್ಡದಲ್ಲಿ ಕವಿಶೈಲವಿದೆ. 'ಬಾಲಪ್ರಪಂಚ'ವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಒಬ್ಬರೇ ಕೂತು ಮಕ್ಕಳಿಗಾಗಿ ಬರೆದ ಶಿವರಾಮ ಕಾರಂತರ (1902-1997) ಬಾಲವನ ಪುತ್ತೂರಿನಲ್ಲಿದೆ. ಸ್ವಾಮಿ ಮತ್ತು ಅವನ ಗೆಳೆಯರನ್ನು ಲೋಕಕ್ಕೆ ಕೊಟ್ಟ ಆರ್.ಕೆ. ನಾರಾಯಣ್ ಅವರ ಮೈಸೂರಿನ ಯಾದವಗಿರಿ ಮನೆ 2011ರಲ್ಲಿ ಕೆಡವುವವರ ಕೈಯಿಂದ ಸ್ವಲ್ಪದರಲ್ಲಿ ಉಳಿದು, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಈ ಮೂರೂ ನೆಲೆಗಳು ಚಿಕ್ಕಬಳ್ಳಾಪುರದವರಿಗೆ ದೂರ. ಹತ್ತಿರವಿರುವುದನ್ನು ಮೊದಲು ನೋಡುವುದು ಒಳ್ಳೆಯದು.

ಗಾಡಿ ಕಟ್ಟಿಕೊಂಡು ಬಂದವರು

ಹೊಸ ನೆಲ ಹುಡುಕಿಕೊಂಡು ಬಂದು ಒಕ್ಕಲಾದ ಕಥೆ ಈ ಸೀಮೆಗೂ ಇದೆ, ಅದು ಅಮೆರಿಕದ್ದಕ್ಕಿಂತ ನಾಲ್ಕು ಶತಮಾನ ಹಳೆಯದು. ಕಂಚಿಯ ಕಡೆಯಿಂದ ಏಳು ಮಂದಿ ಅಣ್ಣತಮ್ಮಂದಿರು ಗಾಡಿಗಳಲ್ಲಿ ಸಂಸಾರ ಹೇರಿಕೊಂಡು ಬಂದು, ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟು, ಆವತಿ ಎಂಬ ಊರು ಕಟ್ಟಿದರು ಎನ್ನುವುದು ಮೊರಸು ಒಕ್ಕಲಿಗರ ನಾಡಪ್ರಭು ಮನೆತನಗಳ ಮೂಲಕಥೆ. ಅವರ ಮುಂದಾಳು ರಣಭೈರೇಗೌಡ. ಮನೆಯ ಹೆಣ್ಣುಮಗಳು ದೊಡ್ಡಮ್ಮನನ್ನು ಬಲವಂತವಾಗಿ ಮದುವೆಯಾಗಲು ಬಂದ ಪ್ರಬಲನೊಬ್ಬನಿಗೆ ಹೆದರಿ ಇವರು ರಾತ್ರೋರಾತ್ರಿ ಊರು ಬಿಟ್ಟರು, ದಾರಿಯಲ್ಲಿ ತುಂಬಿ ಹರಿಯುತ್ತಿದ್ದ ಪಾಲಾರ್ ಹೊಳೆ ಆಕೆಯ ಪ್ರಾರ್ಥನೆಗೆ ಇಬ್ಭಾಗವಾಗಿ ದಾರಿ ಬಿಟ್ಟಿತು ಎಂದು ಆ ಕಥೆ ಹೇಳುತ್ತದೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ. ಹೊಳೆ ಬಿರಿದದ್ದು ಐತಿಹ್ಯ. ಆದರೆ ಮನೆತನವೊಂದು ಬಂದು ಕಾಡು ಕಡಿದು, ಕೆರೆ ಕಟ್ಟಿ, ಕೋಟೆ ಎಬ್ಬಿಸಿದ್ದು ಚರಿತ್ರೆ. ಆ ಮನೆತನದ ಕವಲುಗಳೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಆಳಿದವು.

ಚಿಕ್ಕಬಳ್ಳಾಪುರದ ಕೋಟೆಯನ್ನು ಆವತಿ ಮನೆತನದ ಮಲ್ಲಭೈರೇಗೌಡ 1479ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಬೇಟೆಗೆ ಹೋದಾಗ ಕೋಡಿಮಂಚೇನಹಳ್ಳಿಯ ಕಾಡಿನಲ್ಲಿ ಮೊಲವೊಂದು ಬೇಟೆನಾಯಿಗಳಿಗೆ ಬೆದರದೆ ತಿರುಗಿ ನಿಂತಿತಂತೆ. ಇದು ಗಂಡುಮೆಟ್ಟಿನ ನೆಲ ಎಂದು ಗೌಡ ಅಲ್ಲೇ ಕೋಟೆಗೆ ಗುದ್ದಲಿ ಹಾಕಿಸಿದನಂತೆ. ಬೇರೆ ಊರುಗಳ ಕೋಟೆಗಳಿಗೂ ಇಂಥದೇ ಮೊಲದ ಕಥೆ ಇದೆ. ಆದರೂ ಮಗುವಿಗೆ ಹೇಳಲು ಇದು ಒಳ್ಳೆಯ ಕಥೆ, ಊರಿನ ಪೇಟೆಬೀದಿಯಲ್ಲಿ ನಡೆಯುತ್ತಾ ಹೇಳಿದರೆ ಇನ್ನೂ ಚೆನ್ನ. 1762ರಲ್ಲಿ ಹೈದರಾಲಿ ಈ ಕೋಟೆಯನ್ನು ವಶಪಡಿಸಿಕೊಂಡ.

ಮುದ್ದೇನಹಳ್ಳಿ

ಚಿಕ್ಕಬಳ್ಳಾಪುರ ಪಟ್ಟಣದಿಂದ ಸುಮಾರು ಏಳು ಕಿಲೋಮೀಟರು ದೂರದಲ್ಲಿ, ನಂದಿ ಬೆಟ್ಟದ ಸಾಲಿನ ಮಗ್ಗುಲಿಗಿರುವ ಊರು ಮುದ್ದೇನಹಳ್ಳಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಇಲ್ಲಿ ಹುಟ್ಟಿದರು. ಕೆಲವು ಬರಹಗಳಲ್ಲಿ ಹುಟ್ಟಿದ ವರ್ಷ 1861 ಎಂದಿದೆ. ಆದರೆ ಅವರ ನೂರು ತುಂಬಿದ ನೆನಪಿಗೆ ಭಾರತ ಸರ್ಕಾರ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ. ಆ ಲೆಕ್ಕಕ್ಕೆ ಹುಟ್ಟಿದ್ದು 1860. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಹಿರಿಯರು ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡಂನಿಂದ ಬಂದು ಇಲ್ಲಿ ನೆಲೆನಿಂತವರು, ಆ ಊರಿನ ಹೆಸರನ್ನು ಮನೆತನ ಬಿಡಲಿಲ್ಲ.

ವಿಶ್ವೇಶ್ವರಯ್ಯ ಮಕ್ಕಳಿಗಾಗಿ ಬರೆದವರಲ್ಲ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಮಗು ಅವರನ್ನು ಪಾಠವಾಗಿ ಓದದೆ ದಾಟಿ ಬರುವುದು ಅಪರೂಪ. ಬೀದಿದೀಪದ ಕೆಳಗೆ ಓದಿದ ಹುಡುಗ, ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಹಚ್ಚಿಕೊಳ್ಳುತ್ತಿದ್ದ ದಿವಾನ್ ಎಂಬ ಕಥೆಗಳು ಪೀಳಿಗೆಯಿಂದ ಪೀಳಿಗೆಗೆ ಬಂದಿವೆ. ಬೀದಿದೀಪದ ಕಥೆಯನ್ನು ನಾಡಿನ ಇನ್ನೂ ಹಲವು ದೊಡ್ಡವರ ಹೆಸರಿಗೂ ಹೇಳುತ್ತಾರೆ. ಮುದ್ದೇನಹಳ್ಳಿಗೆ ಬರುವ ಶಾಲಾಮಕ್ಕಳ ತಲೆಯಲ್ಲಿ ಈ ಕಥೆಗಳು ಮೊದಲೇ ಇರುತ್ತವೆ. ಅವರು ನೋಡಲು ಬರುವುದು ಕಥೆಯ ಮನೆಯನ್ನು.

ಹಳೆಯ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಲಾಗಿದೆ. ಊರವರು ಅದನ್ನು ಗುಡಿಯಂತೆ ಕಾಣುತ್ತಾರೆ. ಪಕ್ಕದಲ್ಲೇ ವಿಶ್ವೇಶ್ವರಯ್ಯ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ನೋಡಿಕೊಳ್ಳುವ ವಸ್ತುಸಂಗ್ರಹಾಲಯವಿದೆ. ಅವರು ಬಳಸಿದ ಕನ್ನಡಕ, ಲೋಟ, ಪುಸ್ತಕಗಳು, ಬಿರುದು-ಪ್ರಶಸ್ತಿಗಳು, ಕೃಷ್ಣರಾಜಸಾಗರದ ಮಾದರಿ ಅಲ್ಲಿವೆ. 1955ರಲ್ಲಿ ಭಾರತರತ್ನ ಪಡೆದವರ ಮನೆಯಲ್ಲಿ ಪದಕದ ಮುಂದೆ ಜನ ಗುಂಪುಗೂಡುವುದು ಸಹಜ. ನಿಂತು ನೋಡಬೇಕಾದ್ದು ಮಾತ್ರ ಇನ್ನೊಂದು: ಅವರ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಪುಟ್ಟ ಅಚ್ಚಿನ ಮೊಳೆ. ಯಾವುದೇ ಅಚ್ಚುಮೊಳೆಯಂತೆ ಅದರಲ್ಲಿ ಅಕ್ಷರಗಳು ಎಡಬಲ ತಿರುವಿಕೊಂಡಿರುತ್ತವೆ, ಓದಲು ಕನ್ನಡಿ ಹಿಡಿಯಬೇಕು. ಹೊತ್ತಿಗೆ ಸರಿಯಾಗಿ ಬರುವುದು, ಹೇಳಿ ಕಳಿಸಿ ಭೇಟಿಯಾಗುವುದು, ಬರೆದುಕೊಂಡು ಮಾತಾಡುವುದು ಇವನ್ನು ಜೀವಮಾನವಿಡೀ ಪಾಲಿಸಿದ ಮನುಷ್ಯನ ಶಿಸ್ತು ಆ ಪುಟ್ಟ ಮೊಳೆಯಲ್ಲಿದೆ. ಪದಕವನ್ನು ಸರ್ಕಾರ ಕೊಟ್ಟಿತು, ಅಚ್ಚುಮೊಳೆಯನ್ನು ಅವರೇ ಮಾಡಿಸಿಕೊಂಡರು. ಮನುಷ್ಯನನ್ನು ತಿಳಿಯಲು ಎರಡನೆಯದೇ ಹೆಚ್ಚು ನೆರವಾಗುತ್ತದೆ.

ಮನೆಯೊಳಗಿಂತ ಮನೆಯ ಹೊರಗೆ ತಿಳಿಯುವುದು ಇನ್ನೂ ಹೆಚ್ಚು. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಇಲ್ಲಿನ ಬೆಟ್ಟಗಳ ಸುತ್ತಮುತ್ತಲೇ ಹುಟ್ಟಿದರೂ ಮಳೆ ನಿಂತ ಮೇಲೆ ಮರಳುಪಾತ್ರಗಳಾಗುತ್ತವೆ. ಹಿರಿಯರು ಒಂದರ ಕೆಳಗೊಂದರಂತೆ ಕಟ್ಟಿದ ಕೆರೆಗಳೇ ಸೀಮೆಯನ್ನು ಸಾಕಿದವು: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು. 1903ರಲ್ಲಿ ಪುಣೆ ಬಳಿಯ ಖಡಕವಾಸ್ಲಾದಲ್ಲಿ ನೀರಿನ ಮಟ್ಟ ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ತೂಬುಬಾಗಿಲುಗಳನ್ನು ಕೂರಿಸಿದ, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ರಕ್ಷಣೆಯ ಯೋಜನೆ ಹಾಕಿಕೊಟ್ಟ, 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಗಟ್ಟೆ ಶುರುಮಾಡಿಸಿದ ಎಂಜಿನಿಯರು ಹುಟ್ಟಿದ್ದು ನೀರಿಲ್ಲದ ಈ ಸೀಮೆಯಲ್ಲಿ. ಕೆರೆ ಏರಿಯ ಮೇಲೆ ನಿಂತು ಇದನ್ನು ಹೇಳಿದರೆ ಮಕ್ಕಳಿಗೆ ನಾಟುವಷ್ಟು ಗಾಜಿನ ಪೆಟ್ಟಿಗೆಯ ಮುಂದೆ ನಾಟದು.

ಇಲ್ಲಿಂದ ಹೊರಟ ದಾರಿಯೂ ಮುಖ್ಯ. ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು. ಎಳವೆಯಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ, ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಓದು ಮುಂದುವರಿಯಿತು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ., ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಅಣೆಕಟ್ಟು, ಕಾರ್ಖಾನೆಗಳಷ್ಟೇ ಅಕ್ಕರೆಯಿಂದ ಶಾಲೆಗಳನ್ನೂ ನೋಡಿಕೊಂಡರು. ಸಂಸ್ಥಾನದಲ್ಲಿ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಬಂದವು. ತಂದೆಯಿಲ್ಲದ ಹುಡುಗನಿಗೆ ಶಾಲೆ ಏನು ಮಾಡಿಕೊಡಬಲ್ಲದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಕಾಲಾವಧಿಯ ಬಗ್ಗೆ ಅವರೇ ಇಂಗ್ಲಿಷಿನಲ್ಲಿ ಬರೆದ ವೃತ್ತಿಜೀವನದ ನೆನಪುಗಳು 1951ರಲ್ಲಿ ಪ್ರಕಟವಾದವು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡ ಅವರ ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲೇ ನಡೆಯಿತು. ಸಮಾಧಿಯ ಸುತ್ತ ತೋಟವಿದೆ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಅಲ್ಲಿ ಜಾತ್ರೆಯಷ್ಟು ಜನ ಸೇರುತ್ತಾರೆ. ನಿಧಾನವಾಗಿ ನೋಡಬೇಕೆನ್ನುವವರು ಬೇರೆ ದಿನ ಹೋಗಬೇಕು.

ಹೊಸೂರು

ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಚ್. ನರಸಿಂಹಯ್ಯನವರ (1920-2005) ಊರು. ತೀರ ಬಡತನದ ಮನೆ. ಊರಿನ ಶಾಲೆಯ ಓದು ಮುಗಿದ ಮೇಲೆ 1935ರಲ್ಲಿ, ಬಸ್ಸಿಗೆ ಕಾಸಿಲ್ಲದೆ, ಹೊಸೂರಿನಿಂದ ಬೆಂಗಳೂರಿಗೆ ಸುಮಾರು 85 ಕಿಲೋಮೀಟರು ದಾರಿಯನ್ನು ಎರಡು ದಿನ ನಡೆದುಕೊಂಡೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಅಲ್ಲಿಗೆ ಗಾಂಧೀಜಿ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ಹಳ್ಳಿಯ ಹುಡುಗ. 1942ರ ಚಳವಳಿಯಲ್ಲಿ ಸೆರೆಮನೆ, ಆಮೇಲೆ ಭೌತವಿಜ್ಞಾನ, ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಡಾಕ್ಟರೇಟ್. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿ ದೇಶವೇ ತಿರುಗಿ ನೋಡುವಂತೆ ಮಾಡಿದರು. 1984ರಲ್ಲಿ ಪದ್ಮಭೂಷಣ ಬಂತು.

ಮದುವೆಯಾಗದೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಜೀವನ ಕಳೆದ ಅವರಿಗೆ ತಮ್ಮದೆನ್ನುವ ಮನೆಯೇ ಇರಲಿಲ್ಲ. ಹಾಗಾಗಿ ಅವರ ನೆಲೆಗಳನ್ನು ನೋಡಬೇಕೆಂದರೆ ಹುಡುಕಬೇಕಾದ್ದು ಶಾಲೆ-ಕಾಲೇಜುಗಳನ್ನು: ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ತೆರೆದು, ತಮ್ಮಂತೆ ಹಳ್ಳಿಯಿಂದ ಬರುವ ಮಕ್ಕಳು ಬೆಂಗಳೂರಿನವರೆಗೆ ನಡೆಯಬೇಕಾಗದಂತೆ ಮಾಡಿದರು. ಹೊಸೂರಿಗೆ ಹೋಗುವವರು ಅವರ ಆತ್ಮಕಥೆ 'ಹೋರಾಟದ ಹಾದಿ'ಯನ್ನು ಓದಿಕೊಂಡು ಹೋಗಬೇಕು. ಓದದೆ ಹೋದವರಿಗೆ ಅದು ಗೌರಿಬಿದನೂರಿನ ಹತ್ತಾರು ಹಳ್ಳಿಗಳಲ್ಲಿ ಒಂದು. ಓದಿದವರಿಗೆ ಊರಿನ ಪ್ರತಿ ತಿರುವೂ ಗುರುತು ಸಿಗುತ್ತದೆ. ಹತ್ತನೇ ತರಗತಿಯ ಮಕ್ಕಳ ಕೈಗೆ ಈ ಪುಸ್ತಕ ಕೊಡುವುದಕ್ಕಿಂತ ದೊಡ್ಡ ಸ್ಮಾರಕ ಅವರಿಗೆ ಬೇಕಿಲ್ಲ ಎಂದು ಈ ಲೇಖಕರ ನಂಬಿಕೆ.

ಇದೇ ತಾಲ್ಲೂಕಿನ ವಿದುರಾಶ್ವತ್ಥವನ್ನು ಹೊಸೂರಿನ ಜೊತೆಗೇ ನೋಡಬಹುದು. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಆಗ ನರಸಿಂಹಯ್ಯನವರಿಗೆ ಹದಿನೇಳು. ಹುತಾತ್ಮರ ಸ್ತೂಪವೂ ಸ್ವಾತಂತ್ರ್ಯ ಹೋರಾಟದ ಚಿತ್ರಗಳ ವೀರಸೌಧವೂ ಅಲ್ಲಿವೆ. ಗೌರಿಬಿದನೂರಿನ ಇಡಗೂರು 'ಅಲ್ಲಮನ ವಚನ ಚಂದ್ರಿಕೆ' ಸಂಪಾದಿಸಿದ, 2009ರ ಚಿತ್ರದುರ್ಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಎಲ್. ಬಸವರಾಜು (1919-2012) ಅವರ ಹುಟ್ಟೂರು. ಹಿಂದೆ ಇದೇ ತಾಲ್ಲೂಕಿಗೆ ಸೇರಿದ್ದ ಹಂಪಸಂದ್ರ ಸಾಹಿತಿ ಹಂಪ ನಾಗರಾಜಯ್ಯನವರದು. ಅವರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ನಾಡಿಗೆಲ್ಲ ಪರಿಚಯಿಸಿದರು.

ಕೈವಾರ

ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋಗುವ ಮಗುವಿಗೆ ಎರಡು ಕಥೆ ಸಿಗುತ್ತವೆ. ಒಂದು ಬಕಾಸುರನದು. ಪಾಂಡವರು ವೇಷ ಮರೆಸಿಕೊಂಡಿದ್ದ ಏಕಚಕ್ರಪುರ ಇದೇ, ಭೀಮ ಬಂಡಿ ಅನ್ನ ತಾನೇ ಉಂಡು ಬಕನನ್ನು ಕೊಂದದ್ದು ಈ ಬೆಟ್ಟದಲ್ಲೇ ಎಂದು ಊರವರು ಬೆಟ್ಟ ತೋರಿಸಿ ಹೇಳುತ್ತಾರೆ. ಭೀಮಲಿಂಗೇಶ್ವರನ ಗುಡಿಯೂ ಇದೆ. ಇನ್ನೊಂದು ಕೈವಾರ ತಾತಯ್ಯನವರದು. ಬಳೆಯ ಮಲಾರ ಹೊತ್ತು ಊರೂರು ತಿರುಗಿ ಮಾರುತ್ತಿದ್ದ ನಾರಾಯಣಪ್ಪ ಗುರುವೊಬ್ಬರ ಉಪದೇಶದಿಂದ ಯೋಗಿಯಾದರು. 1726ರಲ್ಲಿ ಹುಟ್ಟಿ 1836ರವರೆಗೆ, ಅಂದರೆ 110 ವರ್ಷ ಬಾಳಿದರೆಂದು ಸಂಪ್ರದಾಯ. ಅವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದರು. ಇಷ್ಟದೈವ ಅಮರನಾರಾಯಣನ ಗುಡಿ, ತಪಸ್ಸು ಮಾಡಿದ ಗುಹೆ, ಮಠ ಇವೆಲ್ಲ ಊರಿನಲ್ಲಿವೆ. ಗುರುಪೂರ್ಣಿಮೆಗೆ ಮಠದಲ್ಲಿ ಹಗಲಿರುಳು ಸಂಗೀತ ನಡೆಯುತ್ತದೆ.

ತೆಲುಗು-ಕನ್ನಡ ಎರಡೂ ಕೂಡಿದ ಈ ಬಾಳು ತಾತಯ್ಯನವರ ಕಾಲಕ್ಕೇ ಮುಗಿದದ್ದಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಇಂದಿಗೂ ಅಜ್ಜಿಯಿಂದ ಕಥೆ ಕೇಳುವುದು ತೆಲುಗಿನಲ್ಲಿ, ಶಾಲೆಯಲ್ಲಿ ಓದುವುದು ಕನ್ನಡದಲ್ಲಿ. ಈ ಸೀಮೆಯ ಬಾಲ್ಯವನ್ನು ಯಾರಾದರೂ ಮಕ್ಕಳಿಗಾಗಿ ಬರೆದರೆ ಎರಡು ಭಾಷೆಯ ಅಜ್ಜಿ ಅದರಲ್ಲಿ ಇರಲೇಬೇಕು. ಅಂಥ ಪುಸ್ತಕಕ್ಕೆ ಇಲ್ಲಿ ಸರಕು ಬೇಕಾದಷ್ಟಿದೆ.

ಶಿಡ್ಲಘಟ್ಟದ ಹುಳುಮನೆ

ಶಿಡ್ಲಘಟ್ಟದಲ್ಲಿ ನೋಡಬೇಕಾದ್ದು ಒಬ್ಬ ವ್ಯಕ್ತಿಯ ಮನೆಯನ್ನಲ್ಲ, ಒಂದು ಬಗೆಯ ಮನೆಯನ್ನು. ರೇಷ್ಮೆ ಇಲ್ಲಿನ ಬದುಕು. ಗೂಡಿನ ಮಾರುಕಟ್ಟೆಗೆ ಸುತ್ತಲ ಜಿಲ್ಲೆಗಳಿಂದ ರೈತರು ಬರುತ್ತಾರೆ. ಹಳೆಯ ಒಕ್ಕಲು ಮನೆಗಳಲ್ಲಿ ಹುಳುವಿಗೂ ಮನುಷ್ಯರಿಗೂ ಒಂದೇ ಸೂರು. ನಡುಮನೆಯಲ್ಲೇ ತಟ್ಟೆಗಳ ಸಾಲು, ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಬಿದ್ದಂತೆ ಕೇಳುತ್ತದೆ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಬಿದಿರಿನ ಅಗಲವಾದ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿ ಕಟ್ಟಿದ್ದೇ ಚಂದ್ರಿಕೆ. ಹುಳು ಆ ಸಂದುಗಳಲ್ಲಿ ಕೂತು ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಹುಳು ಬಿಟ್ಟ ಚಂದ್ರಿಕೆಗಳನ್ನು ಮನೆಯ ಮುಂದೆ, ಬೀದಿಗೆ ಮುಖ ಮಾಡಿ ಒರಗಿಸಿಟ್ಟಿರುವುದನ್ನು ದಾರಿಹೋಕರೂ ನೋಡಬಹುದು. ಈಗ ಹುಳುಮನೆಗಳನ್ನು ಬೇರೆಯಾಗಿ ಕಟ್ಟುತ್ತಾರೆ, ಪ್ಲಾಸ್ಟಿಕ್ ಚಂದ್ರಿಕೆಗಳೂ ಬಂದಿವೆ. ಹಳೆಯ ಬಗೆಯ ಒಂದು ಮನೆಯನ್ನಾದರೂ ಸಾಮಾನು ಸರಂಜಾಮಿನ ಸಮೇತ ಉಳಿಸಿಕೊಳ್ಳಲು ಇದೇ ಸಮಯ. ದೊಡ್ಡವರ ಮನೆಗಳನ್ನು ಉಳಿಸುವುದು ಸುಲಭ, ಹೆಸರಿಲ್ಲದವರ ಮನೆಗೆ ಟ್ರಸ್ಟ್ ಹುಟ್ಟುವುದಿಲ್ಲ.

ಹೋಗಿಬರುವವರಿಗೆ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ ಸುಮಾರು 60 ಕಿಲೋಮೀಟರು, ಹೆದ್ದಾರಿ 44ರಲ್ಲಿ. ಆವತಿ ದಾರಿಯಲ್ಲೇ ಸಿಗುತ್ತದೆ. ರೈಲಿನಲ್ಲಿ ಹೋಗುವುದು ಇನ್ನೂ ಚಂದ. ಶತಮಾನದ ಹಿಂದೆ ಕಿರಿಗೇಜಿನಲ್ಲಿ ಹಾಕಿದ ಈ ಮಾರ್ಗ ಈಗ ಬ್ರಾಡ್‌ಗೇಜಾಗಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಮುಟ್ಟಿ ಕೋಲಾರಕ್ಕೆ ಹೋಗುತ್ತದೆ. ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣದ ಕಟ್ಟಡಗಳು ಹೆಂಚಿನ ಮಾಡಿನೊಂದಿಗೆ ಇನ್ನೂ ನಿಂತಿವೆ. ಮುದ್ದೇನಹಳ್ಳಿಯ ಜೊತೆಗೆ ನಂದಿಯ ಭೋಗನಂದೀಶ್ವರ ದೇವಾಲಯವನ್ನು ಒಂದೇ ದಿನ ನೋಡಬಹುದು. ಹೊಸೂರು-ವಿದುರಾಶ್ವತ್ಥಕ್ಕೆ ಇನ್ನೊಂದು ದಿನ, ಕೈವಾರ-ಶಿಡ್ಲಘಟ್ಟಕ್ಕೆ ಮತ್ತೊಂದು ದಿನ ಇಟ್ಟುಕೊಳ್ಳುವುದು ವಾಸಿ. ಎಲ್ಲವನ್ನೂ ಒಂದೇ ಭಾನುವಾರ ಮುಗಿಸಲು ಹೊರಟವರು ರಸ್ತೆಯನ್ನಷ್ಟೇ ನೋಡಿ ಬರುತ್ತಾರೆ.

ಶಾಲೆಗಳಿಗೆ ಒಂದು ಮಾತು. ಪ್ರವಾಸದ ಬಸ್ಸು ನಂದಿ ಬೆಟ್ಟದ ತುದಿಗೆ ಹೋಗಿ ತಿರುಗುವುದು ಸಾಮಾನ್ಯ. ಹತ್ತಿರದ ಹುಟ್ಟೂರಿಗೂ ಅದನ್ನು ತಿರುಗಿಸಿ. ಹೊರಡುವ ವಾರದ ಮೊದಲು ಆ ವ್ಯಕ್ತಿಯ ಪುಸ್ತಕದ ಕೆಲವು ಪುಟಗಳನ್ನಾದರೂ ತರಗತಿಯಲ್ಲಿ ಓದಿಸಿ. ಇಡಗೂರು, ಹಂಪಸಂದ್ರ, ಹೊಸೂರು, ಕೈವಾರ ಈ ಊರುಗಳ ಶಾಲೆಗಳ ಕಪಾಟಿನಲ್ಲಿ ಆಯಾ ಊರಿನವರು ಬರೆದ ಪುಸ್ತಕಗಳು ಇರಬೇಕು. ಇಲ್ಲದಿದ್ದರೆ ಊರಿನವರೂ ಗ್ರಾಮ ಪಂಚಾಯಿತಿಯೂ ಕೂಡಿ ಈ ವರ್ಷವೇ ತಂದಿಡಲಿ.